ನೀರಿನಲ್ಲಿ ಸಿಲುಕಿದ ಕಾರಿನಿಂದ ಪಾರಾಗಲು ಯಾವ ಸಾಧನ ಕೊಳ್ಳಬೇಕು?

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಸಿಲುಕಿದ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಒಂದು ಮೀಟರ್ ಅಗಲದ ಬಾಗಿಲಿನ ಕೆಳ ಅಂಚಿನಿಂದ ಅರ್ಧ ಮೀಟರ್ ಎತ್ತರಕ್ಕೆ ಹೊರಗೆ ನೀರು ನಿಂತರೆ, ಆ ಬಾಗಿಲಿನ ಮೇಲೆ ಸುಮಾರು 125 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಹೀಗಾಗಿ ಬಾಗಿಲಿನೊಡನೆ ಸೆಣಸುತ್ತಾ ಹೊತ್ತು ಕಳೆಯದೆ ಕಿಟಕಿಯಿಂದ ಹೊರಬರುವುದೇ ಸರಿಯಾದ ದಾರಿ.

ಕಿಟಕಿಯ ಗಾಜು ಒಡೆಯುವ ಸಾಧನ ಕೊಳ್ಳುವ ಮುನ್ನ ನಿಮ್ಮ ಕಾರಿನ ಪ್ರತಿಯೊಂದು ಕಿಟಕಿಗಾಜಿನ ಮೂಲೆಯಲ್ಲಿರುವ ಸಣ್ಣ ಮುದ್ರೆಯನ್ನು ಓದಿ. ಟೆಂಪರ್ಡ್ ಅಥವಾ ಟಫನ್ಡ್ ಎಂದಿದ್ದರೆ ಆ ಗಾಜು ಒಡೆಯುತ್ತದೆ; ಲ್ಯಾಮಿನೇಟೆಡ್ ಎಂದಿದ್ದರೆ ನಡುವಿನ ಪ್ಲಾಸ್ಟಿಕ್ ಪದರ ಚೂರುಗಳನ್ನು ಹಿಡಿದಿಡುವುದರಿಂದ ಬಿರುಕು ಬಿಟ್ಟರೂ ದಾರಿಯಾಗುವುದಿಲ್ಲ. ಮುಂಗಾಜು ಲ್ಯಾಮಿನೇಟೆಡ್ ಆಗಿರುವುದರಿಂದ ಅದರ ತಂಟೆಗೆ ಹೋಗಬೇಡಿ. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಆರು ಸಾಧನಗಳನ್ನು ಪರೀಕ್ಷಿಸಿದಾಗ ನಾಲ್ಕು ಟೆಂಪರ್ಡ್ ಗಾಜನ್ನು ಒಡೆದವು, ಲ್ಯಾಮಿನೇಟೆಡ್ ಗಾಜಿನ ಮುಂದೆ ಆರೂ ಸೋತವು. ಬಾಗಿಲಿನ ಗಾಜು ಲ್ಯಾಮಿನೇಟೆಡ್ ಆಗಿದ್ದು ಹಿಂಗಾಜು ಟೆಂಪರ್ಡ್ ಆಗಿರುವ ಕಾರುಗಳೂ ಇವೆ. ಅಂಥ ಕಾರಿನಲ್ಲಿ ಒಡೆಯಬೇಕಾದದ್ದು ಯಾವುದೆಂದು ಮನೆಯವರಿಗೆಲ್ಲ ಮೊದಲೇ ತಿಳಿಸಿಡಿ.

ಸುತ್ತಿಗೆ ಮತ್ತು ಸ್ಪ್ರಿಂಗ್ ಪಂಚ್ ಇವೆರಡರಲ್ಲಿ ನನ್ನ ಆಯ್ಕೆ ಎರಡನೆಯದು. ಸುತ್ತಿಗೆಗೆ ಕೈ ಬೀಸಲು ಜಾಗ ಬೇಕು, ನೀರಿನೊಳಗಂತೂ ಬೀಸಿದ ಏಟಿನ ರಭಸವೇ ಇಂಗಿಹೋಗುತ್ತದೆ. ಪಂಚ್ ಅನ್ನು ಗಾಜಿಗೆ ಒತ್ತಿ ಹಿಡಿದರೆ ಸಾಕು, ಒಳಗಿನ ಸ್ಪ್ರಿಂಗ್ ಮೊನೆಯನ್ನು ತಾನೇ ಚಿಮ್ಮಿಸುತ್ತದೆ. ಗುಜರಿಯಿಂದ ತಂದ ಹಳೆಯ ಬಾಗಿಲೊಂದರ ಗಾಜಿನ ಮೂಲೆಗೆ ನಾನು ಅದನ್ನು ಒತ್ತಿ ನೋಡಿದೆ: ಟಕ್ ಎಂಬ ಸದ್ದಿನ ಹಿಂದೆಯೇ ಇಡೀ ಗಾಜು ಕಲ್ಲುಸಕ್ಕರೆಯ ಹರಳುಗಳಂತೆ ಉದುರಿತು. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಹರಳುಗಳು ಹಾಳೆಯಂತೆ ಅಂಟಿಕೊಂಡೇ ನಿಲ್ಲುತ್ತವೆ, ಕಾಲಿನಿಂದ ಹೊರಕ್ಕೆ ತಳ್ಳಬೇಕಾಗುತ್ತದೆ.

ಸೀಟ್ ಬೆಲ್ಟ್ ಕತ್ತರಿಸುವ ಬ್ಲೇಡ್ ಕೂಡ ಅದೇ ಸಾಧನದಲ್ಲಿರಲಿ. ಬೆರಳು ತಾಗದಂತೆ ಬ್ಲೇಡ್ ಕೊಕ್ಕೆಯೊಳಗೆ ಅಡಗಿರಬೇಕು, ಬೆಲ್ಟ್ ಮಾತ್ರ ಸರಾಗವಾಗಿ ಒಳನುಗ್ಗಬೇಕು. ಗುಜರಿಯಲ್ಲಿ ಸಿಗುವ ಹಳೆಯ ಬೆಲ್ಟಿನ ತುಂಡೊಂದರ ಮೇಲೆ ಇದನ್ನೂ ಪರೀಕ್ಷಿಸಬಹುದು.

ಎಷ್ಟೇ ಒಳ್ಳೆಯ ಸಾಧನವಾದರೂ ಗ್ಲೋವ್ ಬಾಕ್ಸ್‌ನಲ್ಲಿ ಕಾಗದಪತ್ರಗಳ ಕೆಳಗಿದ್ದರೆ ಇಲ್ಲದಂತೆಯೇ ಸರಿ. ಬೆಲ್ಟ್ ಹಾಕಿ ಕುಳಿತಲ್ಲಿಂದಲೇ, ಕತ್ತಲಲ್ಲಿ ತಡವಿದರೂ ಕೈಗೆ ಸಿಗುವ ಕಡೆ ಅದನ್ನು ಗಟ್ಟಿಯಾಗಿ ಸಿಕ್ಕಿಸಿ. ಹಿಂದಿನ ಸೀಟಿನವರಿಗೂ ಒಂದು ಬೇಕು.

ಆದರೂ ಇದು ಎರಡನೆಯ ಉಪಾಯವೇ. ಮುಳುಗುವ ವಾಹನಗಳ ಬಗ್ಗೆ ಸಂಶೋಧನೆ ನಡೆಸಿದ ಕೆನಡಾದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್ ಅವರ ಪ್ರಕಾರ ಮೊದಲು ಬೆಲ್ಟ್ ಬಿಚ್ಚಬೇಕು, ಬಳಿಕ ಕಿಟಕಿ ತೆರೆಯಬೇಕು, ಮಕ್ಕಳನ್ನು ಹೊರಕ್ಕೆ ದಾಟಿಸಿ ತಾವೂ ಹೊರಬೀಳಬೇಕು. ಪವರ್ ವಿಂಡೋ ಸಾಮಾನ್ಯವಾಗಿ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಗುಂಡಿ ಒತ್ತಿಯೂ ಗಾಜು ಇಳಿಯದಿದ್ದಾಗ ಪಂಚ್‌ಗೆ ಕೈ ಹಾಕಿ. ಸ್ಪ್ರಿಂಗ್ ತುಕ್ಕು ಹಿಡಿಯಬಹುದಾದ್ದರಿಂದ ಪ್ರತಿವರ್ಷ ಮುಂಗಾರಿಗೆ ಮುನ್ನ ಮರದ ಹಲಗೆಗೆ ಒತ್ತಿ ನೋಡಿ. ಹಲಗೆಯ ಮೇಲೆ ಮೊನೆಯ ಗುರುತು ಆಳವಾಗಿ ಮೂಡದಿದ್ದರೆ ಅದನ್ನು ಬದಲಾಯಿಸಿ.