ಬೀಜಗಣಿತದ ಭಿನ್ನರಾಶಿ: ಕಳೆಯುವ ಲೆಕ್ಕವನ್ನು ನಾನು ಮಾಡುವ ರೀತಿ

ಬೀಜಗಣಿತದ ಭಿನ್ನರಾಶಿಗಳನ್ನು ಕಳೆಯುವ ಲೆಕ್ಕ ಬಂದರೆ ನಾನು ಮೊದಲು ಅಂಶದ ಕಡೆ ನೋಡುವುದೇ ಇಲ್ಲ. ಛೇದಗಳನ್ನು ಅಪವರ್ತಿಸುತ್ತೇನೆ. ಈ ಲೆಕ್ಕವನ್ನೇ ತೆಗೆದುಕೊಳ್ಳಿ:

ಅ/(ಅ² − 9) − 1/(2ಅ − 6)

ಎರಡು ಛೇದಗಳನ್ನು ಹಾಗೇ ಗುಣಿಸಿದರೂ ಸಾಮಾನ್ಯ ಛೇದ ಸಿಗುತ್ತದೆ, ತಪ್ಪೇನಿಲ್ಲ. ಆದರೆ ಆಗ ಅಂಶದಲ್ಲಿ ಅ² − 6ಅ + 9 ಬಂದು ಕೂರುತ್ತದೆ. ಅದನ್ನು ಮತ್ತೆ ಅಪವರ್ತಿಸಬೇಕು. ಸುಮ್ನೆ ಜಾಸ್ತಿ ಕೆಲಸ, ಅಲ್ವಾ?

ಮೊದಲೇ ಬಿಡಿಸಿಕೊಂಡರೆ ಅ² − 9 ಅಂದರೆ (ಅ − 3)(ಅ + 3). 2ಅ − 6 ಅಂದರೆ 2(ಅ − 3). (ಅ − 3) ಎರಡರಲ್ಲೂ ಇದೆ, ಒಂದು ಸಲ ಬರೆದರೆ ಸಾಕು. ಹಾಗಾಗಿ ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 2(ಅ − 3)(ಅ + 3). ಮೊದಲನೆಯ ಛೇದದಲ್ಲಿ ಇಲ್ಲದ್ದು 2, ಎರಡನೆಯದರಲ್ಲಿ ಇಲ್ಲದ್ದು (ಅ + 3). ಇಲ್ಲದ್ದರಿಂದ ಮೇಲೆ ಕೆಳಗೆ ಎರಡೂ ಕಡೆ ಗುಣಿಸುತ್ತೇನೆ.

ಇಲ್ಲಿಂದ ಅವಸರ ಮಾಡುವುದಿಲ್ಲ. ಅಂಶ ಈಗ 2ಅ − (ಅ + 3). ಆ ಆವರಣವನ್ನು ಮನಸ್ಸಲ್ಲೇ ಬಿಡಿಸದೆ ಹಾಳೆಯ ಮೇಲೆ ಬರೆದೇ ಬರೆಯುತ್ತೇನೆ. ಮೈನಸ್ ಒಳಗಿನ 3ಕ್ಕೂ ತಗಲಬೇಕು: 2ಅ − ಅ − 3, ಅಂದರೆ ಅ − 3. ಅದು ಛೇದದ (ಅ − 3) ಜೊತೆ ಹೊಡೆದುಹೋಗುತ್ತದೆ. ಉತ್ತರ 1/[2(ಅ + 3)].

ಈಗ ಆವರಣ ಬಿಟ್ಟು 2ಅ − ಅ + 3 ಎಂದು ಬರೆದು ನೋಡಿ. ಅ + 3 ಬರುತ್ತದೆ. ಅದೂ ಛೇದದ (ಅ + 3) ಜೊತೆ ಸಲೀಸಾಗಿ ಹೊಡೆದುಹೋಗಿ 1/[2(ಅ − 3)] ಉಳಿಯುತ್ತದೆ! ತಪ್ಪು ಉತ್ತರವೂ ಸರಿ ಉತ್ತರದಷ್ಟೇ ಚೊಕ್ಕಟ. ಅದಕ್ಕೇ ಉತ್ತರದ ಅಂದ ನೋಡಿ ನಾನು ನಂಬುವುದಿಲ್ಲ, ಒಂದು ಸಂಖ್ಯೆ ಹಾಕಿ ನೋಡುತ್ತೇನೆ. ಅ = 5 ಆದರೆ ಲೆಕ್ಕ 5/16 − 1/4, ಅಂದರೆ 1/16. ನನ್ನ ಉತ್ತರವೂ 1/16. ತಪ್ಪು ದಾರಿಯದು 1/4.

ಸಂಖ್ಯೆಯನ್ನು ಆರಿಸುವಾಗ 3, −3 ಬೇಡ, ಛೇದ ಸೊನ್ನೆಯಾಗುತ್ತದೆ. 0 ಸುಲಭ ಅನಿಸಿದರೂ ನಾನು ಹಾಕುವುದಿಲ್ಲ, ಅ ಇರುವ ಪದಗಳೆಲ್ಲ ಮಾಯವಾಗಿ ಅಲ್ಲಿನ ತಪ್ಪು ಕಾಣುವುದಿಲ್ಲ. 1 ಹಾಕಿದರೆ ಅ ಮತ್ತು ಅ² ಎರಡೂ ಒಂದೇ ಆಗಿಬಿಡುತ್ತವೆ.

ಇನ್ನೊಂದು ವಿಷಯ. ಛೇದಗಳು ಅ − 3 ಮತ್ತು 3 − ಅ ಆಗಿದ್ದರೆ ಅವನ್ನು ಗುಣಿಸಲು ಹೋಗಬೇಡಿ. 3 − ಅ ಅಂದರೆ −(ಅ − 3), ಚಿಹ್ನೆ ಮಾತ್ರ ಬೇರೆ. 4/(ಅ − 3) − 1/(3 − ಅ) ಇದ್ದರೆ ಎರಡು ಮೈನಸ್ ಸೇರಿ ಪ್ಲಸ್ ಆಗುತ್ತದೆ. ಉತ್ತರ ನೇರವಾಗಿ 5/(ಅ − 3).