ಕೊರಿಜಾಂಥೆ ರಿಜಿಡಾ: ಒಣಗಿದ ಮೇಲೂ ಗುರುತು ಸಿಗುವ ಗಿಡ

ಉತ್ತರ ಅಮೆರಿಕದ ಮೊಹಾವಿ, ಸೊನೋರಾ ಮರುಭೂಮಿಗಳಲ್ಲಿ ಮೇಲ್ಮೈ ತುಂಬ ಕಲ್ಲುಹರಳು ಹಾಸಿದಂಥ ನೆಲವಿರುತ್ತದೆ. ಅಲ್ಲಿ ಬೆರಳುದ್ದದ, ಕಪ್ಪು-ಕಂದು ಬಣ್ಣದ ಮುಳ್ಳಿನ ಕಂತೆ ನೆಟ್ಟಗೆ ನಿಂತಿದ್ದರೆ ಬಹುಪಾಲು ಅದು ಕೊರಿಜಾಂಥೆ ರಿಜಿಡಾ. ಬಕ್‌ವೀಟ್ ಕುಟುಂಬದ್ದು, ಒಂದೇ ವರ್ಷ ಬಾಳುವುದು. ಸತ್ತ ಮೇಲೂ ಮುಂದಿನ ವರ್ಷದವರೆಗೆ ಹಾಗೇ ನಿಂತಿರುತ್ತದೆ. ಅದಕ್ಕೇ ಹಸಿ ಗಿಡ ಬೇಕಾದಾಗ ನಾನು ಮೊದಲು ಹುಡುಕುವುದು ಹಳೆಯ ಒಣ ಗಿಡಗಳನ್ನು. ಚಳಿಗಾಲದ ಮಳೆ ಚೆನ್ನಾಗಿ ಆದ ವರ್ಷ, ಮಾರ್ಚಿನಿಂದ ಮೇವರೆಗೆ, ಅವುಗಳ ನಡುವೆಯೇ ಹೊಸವು ಕಾಣುತ್ತವೆ.

ಬೇಕಾದದ್ದು 10 ಪಟ್ಟು ದೊಡ್ಡದು ಮಾಡುವ ಲೆನ್ಸ್, ಮಿಲಿಮೀಟರ್ ಗೆರೆಯ ಸ್ಕೇಲು, ಮಂಡಿಗೆ ಹಾಸಲು ದಪ್ಪ ಬಟ್ಟೆ. ಗಿಡ ಸಾಮಾನ್ಯವಾಗಿ 2ರಿಂದ 8 ಸೆಂ.ಮೀ. ಎತ್ತರವಷ್ಟೇ, ನಿಂತು ನೋಡಿದರೆ ಏನೂ ತಿಳಿಯದು.

ನಮ್ಮ ಚುಕ್ಕೆ ಸೊಪ್ಪೂ ಇದೇ ಕುಟುಂಬದ್ದು. ಅದರ ಗೆಣ್ಣಿನ ಸುತ್ತ ತೆಳುಪೊರೆಯ ಕೊಳವೆ ಇರುತ್ತದೆ. ಅದನ್ನು ನೋಡಿ ಕಲಿತವರು ಇಲ್ಲೂ ಆ ಪೊರೆಯನ್ನೇ ಹುಡುಕಿ, ಸಿಗದಾಗ ಕುಟುಂಬವೇ ಬೇರೆ ಎಂದುಕೊಳ್ಳುತ್ತಾರೆ. ಅಮೆರಿಕದ ಮರುಭೂಮಿಯ ಈ ಗುಂಪಿನಲ್ಲಿ ಆ ಪೊರೆ ಇಲ್ಲ. ಇಲ್ಲಿ ನೋಡಬೇಕಾದದ್ದು ಹೂವನ್ನು ಸುತ್ತಿದ ಪುಟ್ಟ ಬಟ್ಟಲು, ಇನ್‌ವಾಲ್ಯೂಕರ್. ಇದೇ ಗುಂಪಿನ ಇನ್ನೊಂದು ಕುಲವಾದ ಎರಿಯೋಗೋನಮ್‌ನಲ್ಲಿ ಒಂದು ಬಟ್ಟಲಿನಿಂದ ಹಲವು ಹೂ ಹೊರಚಾಚುತ್ತವೆ, ಅಂಚಿನಲ್ಲಿ ಮುಳ್ಳಿಲ್ಲ. ಕೊರಿಜಾಂಥೆಯ ಬಟ್ಟಲಿನಲ್ಲಿ ಸಾಮಾನ್ಯವಾಗಿ ಒಂದೇ ಹೂ, ಅಂಚಿನ ಹಲ್ಲುಗಳ ತುದಿಯಲ್ಲಿ ಮುಳ್ಳು.

ಜಾತಿ ತೀರ್ಮಾನವಾಗುವುದೂ ಆ ಹಲ್ಲುಗಳಿಂದಲೇ. ರಿಜಿಡಾದಲ್ಲಿ ಮೂರು ಹಲ್ಲು, ಒಂದು ಉದ್ದ, ಎರಡು ಗಿಡ್ಡ, ಮುಳ್ಳುತುದಿ ನೇರ. ಅದೇ ನೆಲದಲ್ಲಿ ಬೆಳೆಯುವ ಕೊರಿಜಾಂಥೆ ಬ್ರೆವಿಕಾರ್ನುಗೆ ಆರು ಹಲ್ಲು, ತುದಿ ಕೊಕ್ಕೆಯಂತೆ ಬಾಗಿದ್ದು, ಬಟ್ಟಲು ಉದ್ದ ಕೊಳವೆಯಂತೆ. ಒಣಗಿದಾಗ ಮುಟ್ಟಿದರೆ ಗೆಣ್ಣಿನಲ್ಲಿ ಮುರಿಯುತ್ತದೆ. ರಿಜಿಡಾ ಹಾಗೆ ಮುರಿಯುವುದಿಲ್ಲ, ಬೆರಳಿಗೇ ಚುಚ್ಚುತ್ತದೆ.

ಹೆಚ್ಚು ಜನ ಎಡವುವುದು ಮುಳ್ಳು ಎಣಿಸುವಲ್ಲಿ. ರಿಜಿಡಾದ ಕಾಂಡದ ಮೇಲಿನ ಕಿರಿದಾದ ಎಲೆಗಳೂ ಗಟ್ಟಿಯಾಗಿ ಮುಳ್ಳಾಗುತ್ತವೆ. ಅವನ್ನೂ ಹಲ್ಲೆಂದು ಎಣಿಸಿದರೆ ಲೆಕ್ಕ ಐದಾರಕ್ಕೆ ಏರಿ ಹೆಸರು ತಪ್ಪುತ್ತದೆ. ಆದ್ದರಿಂದ ಮುಳ್ಳಿನ ಬುಡಕ್ಕೆ ಲೆನ್ಸ್ ಹಿಡಿಯಬೇಕು: ಬಟ್ಟಲಿನ ಅಂಚಿನಿಂದ ಹೊರಟದ್ದನ್ನು ಮಾತ್ರ ಎಣಿಸಬೇಕು. ಹೂ ಹಳದಿ, ಸುಮಾರು 2 ಮಿ.ಮೀ. ಮುಳ್ಳಿನ ನಡುವೆ ಹುದುಗಿರುವುದರಿಂದ ಅದನ್ನು ನಂಬಿ ಹೊರಟರೆ ಗಿಡವೇ ಕಣ್ತಪ್ಪುತ್ತದೆ. ಹಸಿ ಗಿಡವಾದರೆ ಅಗಲ ಎಲೆಯೊಂದನ್ನು ಮೆಲ್ಲಗೆ ಮಗುಚಿ ನೋಡಿ. ಅಡಿಭಾಗದಲ್ಲಿ ಬಿಳಿ ಉಣ್ಣೆಯಂಥ ರೋಮವಿರುತ್ತದೆ.

ಡೆತ್ ವ್ಯಾಲಿಯಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಗಿಡ ಕೀಳುವಂತಿಲ್ಲ. ಹಾಗಾಗಿ ಸ್ಕೇಲು ಪಕ್ಕದಲ್ಲಿಟ್ಟು ಇಡೀ ಗಿಡ, ಎಲೆಯ ಅಡಿಭಾಗ, ಬಟ್ಟಲಿನ ಪಕ್ಕನೋಟ, ಸುತ್ತಲ ನೆಲ, ಹೀಗೆ ನಾಲ್ಕು ಫೋಟೊ ತೆಗೆಯುತ್ತೇನೆ. ಮೊಬೈಲಿನ ಫೋಕಸ್ ಹಿಂದಿನ ಕಲ್ಲಿನ ಮೇಲೆ ಕೂರುತ್ತದೆ; ಗಿಡದ ಹಿಂದೆ ಅಂಗೈ ಅಡ್ಡ ಹಿಡಿದರೆ ಮುಳ್ಳಿನ ತುದಿ ಸ್ಪಷ್ಟವಾಗಿ ಬರುತ್ತದೆ.