ಮಡಿಕೇರಿಯಿಂದ ಲಂಡನ್ನಿನ ಇನ್‌ಗೆ: ವಿದ್ಯಾರ್ಥಿ ಸದಸ್ಯತ್ವದ ಅರ್ಜಿ ಹಾಕುವ ಬಗೆ

ಹೋದ ವರ್ಷ ಅಕ್ಕನ ಮಗಳ ಅರ್ಜಿ ತುಂಬಲು ನಾನೂ ಜೊತೆಗೆ ಕೂತಿದ್ದೆ. ಮೂರು ರಾತ್ರಿ ಹಿಡಿಯಿತು, ಅದರಲ್ಲಿ ಎರಡು ರಾತ್ರಿ ಬರೀ ಹೆಸರಿಗೇ ಹೋಯಿತು. ಬ್ಯಾರಿಸ್ಟರ್ ಆಗಬೇಕು ಅಂತ ಆಸೆ ಇಟ್ಟುಕೊಂಡ ಮಕ್ಕಳು ನಮ್ಮ ಕೊಡಗಿನಲ್ಲಿ ಇನ್ನೂ ಇದ್ದಾರೆ. ಅವರಿಗಾಗಿ ಮನೆಯವರು ಕಾಳುಮೆಣಸು ಮಾರಿದ ದುಡ್ಡು ಎತ್ತಿಟ್ಟಿರುತ್ತಾರೆ. ಆ ದುಡ್ಡು ತಪ್ಪು ಕಡೆ ಹೋಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬ್ಯಾರಿಸ್ಟರ್ ಆಗಬೇಕಾದರೆ ನಾಲ್ಕು ಇನ್‌ಗಳಲ್ಲಿ ಒಂದಕ್ಕೆ ಸೇರಲೇಬೇಕು. ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಗ್ರೇಸ್ ಇನ್. ಇವು ಬ್ಯಾರಿಸ್ಟರುಗಳ ಹಳೇ ಸಂಘಗಳು. ಎಷ್ಟು ಹಳೆಯವು ಅಂದರೆ ಲಿಂಕನ್ಸ್ ಇನ್‌ನ ದಾಖಲೆ ಪುಸ್ತಕಗಳು 1422ರಿಂದ ಇವೆ. ಇಲ್ಲಿ ಡಿಗ್ರಿ ಸಿಗುವುದಿಲ್ಲ. ಆದರೆ ಕೊನೆಗೆ ನಿಮ್ಮನ್ನು ಬ್ಯಾರಿಸ್ಟರ್ ಅಂತ ಒಪ್ಪಿ ಬಾರ್‌ಗೆ (ಬ್ಯಾರಿಸ್ಟರುಗಳ ವರ್ಗಕ್ಕೆ) ಕರೆಯುವ, ಅಂದರೆ 'ಕಾಲ್' ಮಾಡುವ ಅಧಿಕಾರ ಇವಕ್ಕೆ ಮಾತ್ರ ಇದೆ. ಬ್ಯಾರಿಸ್ಟರ್ ಆಗಲು ಓದಬೇಕಾದ ಬಾರ್ ಕೋರ್ಸ್ ಬೇರೆ, ಇನ್ ಬೇರೆ. ಇನ್‌ಗೆ ಸೇರಿದ ಮಾತ್ರಕ್ಕೆ ಕೋರ್ಸಿನ ಸೀಟು ಸಿಗುವುದಿಲ್ಲ, ವೀಸಾನೂ ಸಿಗುವುದಿಲ್ಲ. ಯಾರಾದರೂ ಏಜೆಂಟ್ 'ಸದಸ್ಯತ್ವ ಮಾಡಿಸಿಕೊಡ್ತೀನಿ, ಅಲ್ಲಿಗೆ ಅರ್ಧ ಬ್ಯಾರಿಸ್ಟರ್ ಆದ ಹಾಗೆ' ಅಂದರೆ ಅಲ್ಲಿಂದ ಎದ್ದು ಬನ್ನಿ. ಅರ್ಜಿ ನೀವೇ ಹಾಕಬಹುದು, ನಡುವೆ ಯಾರೂ ಬೇಕಿಲ್ಲ.

ಅರ್ಜಿಗೆ ಕೈ ಹಾಕುವ ಮೊದಲು ಮನೆಯಲ್ಲಿ ಎಲ್ಲರೂ ಕೂತು ಒಂದು ವಿಷಯ ತೀರ್ಮಾನ ಮಾಡಿ. ಓದಿದ ಮೇಲೆ ಅಲ್ಲೇ ಇರುತ್ತೀರಾ, ಇಲ್ಲ ಮಡಿಕೇರಿ ಕೋರ್ಟಿಗೋ ಬೆಂಗಳೂರಿನ ಹೈಕೋರ್ಟಿಗೋ ಬರುತ್ತೀರಾ? ಗಾಂಧೀಜಿ 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು, ಎರಡೇ ದಿನಕ್ಕೆ ಹಡಗು ಹತ್ತಿದರು, ಊರಿಗೆ ಬಂದು ವಕೀಲಿ ಶುರು ಮಾಡಿದರು. ಈಗ ಹಾಗೆ ನಡೆಯುವುದಿಲ್ಲ. ಬ್ಯಾರಿಸ್ಟರ್ ಅನ್ನುವ ಒಂದೇ ಬಲದ ಮೇಲೆ ಇಲ್ಲಿ ಸನ್ನದು ಸಿಗುವುದು 1976ರ ಡಿಸೆಂಬರ್ 31ರೊಳಗೆ ಕಾಲ್ ಆದವರಿಗೆ ಮಾತ್ರ ಅಂತ 1961ರ ವಕೀಲರ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಈಗ ಬೇಕಾಗಿರುವುದು ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿದ ಕಾನೂನು ಪದವಿ, ಆಮೇಲೆ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ, ಅಖಿಲ ಭಾರತ ಬಾರ್ ಪರೀಕ್ಷೆ. ಆದ್ದರಿಂದ ಊರಿಗೆ ವಾಪಸ್ ಬರುವ ಮನಸ್ಸಿದ್ದರೆ ಮೈಸೂರಲ್ಲೋ ಮಂಗಳೂರಲ್ಲೋ ಎಲ್‌ಎಲ್‌ಬಿ ಮುಗಿಸಿ, ಸನ್ನದು ತೆಗೆದುಕೊಂಡೇ ವಿಮಾನ ಹತ್ತಿ. ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಆದರೆ ಇಲ್ಲಿನ ಎಲ್‌ಎಲ್‌ಬಿ ಇದ್ದರೂ ಅಲ್ಲಿ ಸಾಮಾನ್ಯವಾಗಿ ಇಂಗ್ಲೆಂಡಿನ ಕಾನೂನು ವಿಷಯಗಳ ಇನ್ನೊಂದು ಕೋರ್ಸ್ ಮಾಡಬೇಕಾಗುತ್ತದೆ, ಬಾರ್ ಕೋರ್ಸ್ ಅದಾದ ಮೇಲೆ. ಆ ವರ್ಷವನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಇನ್ನು ಸಮಯದ ವಿಷಯ. ಬಾರ್ ಕೋರ್ಸ್ ಶುರುವಾಗುವ ಮೊದಲೇ ಸದಸ್ಯತ್ವ ಕೈಯಲ್ಲಿರಬೇಕು. ಸೆಪ್ಟೆಂಬರಿಗೆ ಕೋರ್ಸ್ ಅಂದರೆ ಮೂರು ತಿಂಗಳಿಗೂ ಮೊದಲು, ಅಂದರೆ ಮೇ ತಿಂಗಳಲ್ಲೇ ಅರ್ಜಿ ಹೋಗಿರಲಿ. ನಮಗಂತೂ ಅದೇ ಒಳ್ಳೆಯದು. ಜೂನ್ ಬಂದರೆ ಮಳೆ ಹಿಡಿಯುತ್ತದೆ, ಕಕ್ಕಡದ ಹೊತ್ತಿಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇಂಗ್ಲೆಂಡಿನ ಕೋರ್ಸಿಗೆ ಸ್ಕಾಲರ್‌ಶಿಪ್ ಬೇಕಾದವರು ಇನ್ನೂ ಮೊದಲು ಎದ್ದೇಳಬೇಕು. ಇನ್‌ಗಳು ಕೊಡುವ ಬಾರ್ ಕೋರ್ಸ್ ಸ್ಕಾಲರ್‌ಶಿಪ್‌ಗೆ ಹಿಂದಿನ ವರ್ಷದ ನವೆಂಬರ್ ಮೊದಲ ವಾರಕ್ಕೇ ಬಾಗಿಲು ಮುಚ್ಚುತ್ತದೆ. ತಲಕಾವೇರಿಯಲ್ಲಿ ತೀರ್ಥೋದ್ಭವ ಆಗಿ ಎರಡು ಮೂರು ವಾರ, ಅಷ್ಟೇ. ಅದೂ ಒಂದೇ ಇನ್‌ಗೆ ಕೇಳಬಹುದು, ನಾಲ್ಕಕ್ಕೂ ಹಾಕುವ ಹಾಗಿಲ್ಲ.

ಈಗ ಕಾಗದಪತ್ರ. ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಅಕ್ಕನ ಮಗಳ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್ ಇತ್ತು. ಎಲ್‌ಎಲ್‌ಬಿ ಮಾರ್ಕ್ಸ್ ಕಾರ್ಡಿನಲ್ಲಿ ಮನೆಹೆಸರು ಪೂರ್ತಿಯಾಗಿ ಮುಂದೆ ಬಂದಿತ್ತು, ಅದೂ ಒಂದು ಅಕ್ಷರ ತಪ್ಪಾಗಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅವಳ ಅಪ್ಪನ ಹೆಸರು. ಮೂರನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರೆ ಮೂರು ಬೇರೆ ಬೇರೆ ಹುಡುಗಿಯರ ಹಾಗಿತ್ತು. ನಮ್ಮಲ್ಲಿ ಮನೆಹೆಸರು ಮೊದಲು ಬರುತ್ತದೆ, ಅಲ್ವಾ? ಅವರ ಫಾರ್ಮಿನಲ್ಲಿ ಅದು ಕೊನೆಗೆ. ಹಾಗಾಗಿ ಫಾರ್ಮಿನಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಬರೆಯಿರಿ, ಒಂದು ಅಕ್ಷರವೂ ಆಚೀಚೆ ಬೇಡ. ಉಳಿದ ದಾಖಲೆಗಳಲ್ಲಿ ವ್ಯತ್ಯಾಸ ಇದ್ದರೆ ಈ ಎಲ್ಲ ಹೆಸರೂ ಒಬ್ಬರದ್ದೇ ಅಂತ ನೋಟರಿ ಮುಂದೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿ, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಪಾಸ್‌ಪೋರ್ಟೇ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಮುಂದೆ ಕಾಲ್ ಆಗುವುದೂ ಇದೇ ಹೆಸರಿನಲ್ಲಿ.

ಇನ್ನೊಂದು ಮಾತು. ನಮ್ಮ ಥಂಡಿಗೆ ಬೀರುವಿನೊಳಗಿನ ಕಾಗದಕ್ಕೂ ಬೂಸ್ಟು ಬರುತ್ತದೆ. ಅವಳ ಪಿಯುಸಿ ಮಾರ್ಕ್ಸ್ ಕಾರ್ಡಿನ ಮೂಲೆಯಲ್ಲಿ ಸೀಲಿನ ಮೇಲೇ ಹಸಿರು ಚುಕ್ಕೆ ಹರಡಿತ್ತು, ಸ್ಕ್ಯಾನಿನಲ್ಲಿ ಸೀಲ್ ಕಾಣಿಸಲೇ ಇಲ್ಲ. ಬೇಸಿಗೆಯಲ್ಲೇ ಎಲ್ಲವನ್ನೂ ಸ್ಕ್ಯಾನ್ ಮಾಡಿಬಿಡಿ.

ನಿಮ್ಮ ನಡತೆ ಬಗ್ಗೆ ಇಬ್ಬರು ಬರೆದುಕೊಡಬೇಕು. ಕನಿಷ್ಠ ಒಂದು ವರ್ಷದಿಂದ ನಿಮ್ಮನ್ನು ಬಲ್ಲವರಾಗಿರಬೇಕು, ನೆಂಟರಾಗಿರಬಾರದು. ಕೊಡಗಿನಲ್ಲಿ ಯಾರನ್ನು ಕೇಳಿದರೂ ಎಲ್ಲೋ ಒಂದು ಕಡೆ ಸಂಬಂಧ ಬಂದೇ ಬರುತ್ತದೆ. ಹಾಗಾಗಿ ಪಾಠ ಮಾಡಿದ ಒಬ್ಬ ಲೆಕ್ಚರರ್, ಕೆಲಸ ಕಲಿತ ಆಫೀಸಿನ ಒಬ್ಬ ಸೀನಿಯರ್ ವಕೀಲರು, ಇಷ್ಟು ಸಾಕು. ದೊಡ್ಡ ಹೆಸರಿನವರ ಹಿಂದೆ ಸುಮ್ನೆ ಓಡಬೇಡಿ. ನಿಮ್ಮನ್ನು ನಿಜವಾಗಿ ನೋಡಿದವರ ನಾಲ್ಕು ಸಾಲಿಗೆ ತೂಕ ಜಾಸ್ತಿ.

ಆಮೇಲೆ ಘೋಷಣೆ. ಪೊಲೀಸ್ ಕೇಸು, ಪರೀಕ್ಷೆಯಲ್ಲಿ ನಕಲು ಅಥವಾ ಕಾಲೇಜಿನ ಶಿಸ್ತುಕ್ರಮ, ದಿವಾಳಿತನ, ಎಲ್ಲ ಕೇಳುತ್ತಾರೆ. ಇದ್ದರೆ ಇದ್ದ ಹಾಗೆ ಬರೆಯಿರಿ. ಅಂಥದ್ದನ್ನು ಪರಿಶೀಲಿಸಲು ಇನ್‌ಗಳಿಗೆ ಒಂದು ಸಮಿತಿಯೇ ಇದೆ, ಬರೆದ ಕೂಡಲೇ ಅರ್ಜಿ ಬಿದ್ದುಹೋಗುತ್ತದೆ ಅಂತೇನಿಲ್ಲ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಮಾತ್ರ ಆ ಸುಳ್ಳೇ ಮೂಲ ತಪ್ಪಿಗಿಂತ ದೊಡ್ಡದಾಗುತ್ತದೆ. 'ರಾಜಿಯಾದ ಕೇಸು, ಯಾಕೆ ಹೇಳೋದು' ಅಂತ ಮನೆಯಲ್ಲಿ ಹಿರಿಯರು ಅಂದರೂ ನೀವು ಒಪ್ಪಬೇಡಿ.

ಶುಲ್ಕ ಪೌಂಡಿನಲ್ಲಿ, ಒಂದೇ ಸಲ ಕಟ್ಟುವುದು. ಕಾರ್ಡಿನಲ್ಲಿ ವಿದೇಶಿ ಪಾವತಿ ಚಾಲೂ ಇದೆಯಾ ಅಂತ ಹಿಂದಿನ ದಿನವೇ ಬ್ಯಾಂಕ್ ಆಪ್‌ನಲ್ಲಿ ನೋಡಿ. ಓಟಿಪಿ ಬರುವ ಫೋನಿಗೆ ಸಿಗ್ನಲ್ ಬೇಕು. ತೋಟದ ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಪೇಟೆಗೆ ಬಂದು ಕಟ್ಟಿ.

ಯಾವ ಇನ್? ನಾಲ್ಕೂ ಸಮ. ಗಾಂಧೀಜಿ, ನೆಹರೂ ಇನ್ನರ್ ಟೆಂಪಲ್. ಅಂಬೇಡ್ಕರ್ ಗ್ರೇಸ್ ಇನ್. ಪಟೇಲರು ಮಿಡಲ್ ಟೆಂಪಲ್. ಕ್ರಿಮಿನಲ್ ಮಾಡುವವರಿಗೆ ಇದು, ಸಿವಿಲ್‌ಗೆ ಅದು ಅಂತ ಭೇದ ಇಲ್ಲ. ಒಂದಕ್ಕೆ ಮಾತ್ರ ಸೇರಬಹುದು. ಸ್ಕಾಲರ್‌ಶಿಪ್ ನಿಯಮ ಓದಿ, ನಿಮಗೆ ಹೊಂದುವುದನ್ನು ಆರಿಸಿ. ಅದರಲ್ಲಿ ತಲೆಕೆಡಿಸಿಕೊಳ್ಳುವುದೇನಿಲ್ಲ.

ಸದಸ್ಯರಾದ ಮೇಲೆ ಕೆಲಸ ಇದೆ. ಕಾಲ್ ಆಗುವ ಮೊದಲು 10 ಕ್ವಾಲಿಫೈಯಿಂಗ್ ಸೆಷನ್ ಮುಗಿಸಬೇಕು, ಅದಕ್ಕೆ 5 ವರ್ಷದ ಗಡುವು. ಹಿಂದೆಲ್ಲ ಇವು ಬರೀ ಊಟಗಳು. ನಾಲ್ಕು ಜನಕ್ಕೆ ಒಂದು ಮೇಜು, ಎರಡು ಬಾಟಲಿ ವೈನ್. ಗಾಂಧೀಜಿ ಕುಡಿಯುತ್ತಿರಲಿಲ್ಲವಾದ್ದರಿಂದ ಅವರನ್ನು ತಮ್ಮ ಮೇಜಿಗೆ ಕರೆಯಲು ಪೈಪೋಟಿ ಇತ್ತಂತೆ. ಈಗ ಊಟದ ಜೊತೆಗೆ ಉಪನ್ಯಾಸ, ವಾದದ ತರಬೇತಿ ಎಲ್ಲ ಸೇರಿವೆ. ಸೀಟು ಬೇಗ ತುಂಬುತ್ತದೆ, ಮೇಲ್ ಬಂದ ದಿನವೇ ಹೆಸರು ಕೊಡಿ. ಹಿರಿಯ ಬ್ಯಾರಿಸ್ಟರುಗಳ ಪಕ್ಕ ಕೂತು ಮಾತಾಡುವ ಜಾಗ ಅದು. ಕಾಲ್ ಆದರೂ 12 ತಿಂಗಳ ಪ್ಯೂಪಿಲೇಜ್, ಅಂದರೆ ಹಿರಿಯ ಬ್ಯಾರಿಸ್ಟರ್ ಕೈಕೆಳಗಿನ ತರಬೇತಿ, ಸಿಗದೆ ವಕೀಲಿ ಮಾಡಲಾಗುವುದಿಲ್ಲ. ಅದಕ್ಕೆ ಪೈಪೋಟಿ ಜೋರು, ಪರಿಚಯ ಇದ್ದರೆ ಸಲಹೆಯಾದರೂ ಸಿಗುತ್ತದೆ. ಪ್ಯೂಪಿಲೇಜ್ ಅರ್ಜಿಗಳು ಹೋಗುವುದು ಜನವರಿಯಲ್ಲಿ. ಇಲ್ಲಿ ಕಾಫಿ ಕೊಯ್ಲಿನ ಕಾಲ, ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ನಿಮ್ಮ ಅರ್ಜಿಯನ್ನು ಓದಿ ತಿದ್ದಿಕೊಡಿ ಅಂತ ಯಾರನ್ನಾದರೂ ಕೇಳುವುದಿದ್ದರೆ ಹುತ್ತರಿ ಹಬ್ಬಕ್ಕೆ ಊರಿಗೆ ಫೋನ್ ಮಾಡಿದಾಗಲೇ ಹೇಳಿಡಿ.